ನಲ್ಲೂರು ತೋಪಿನಲ್ಲಿ ‘ಬಡೀರಿ’ ಎಂದವನು

ಊರಿಗೆ ಮರಳಿ ಒಂದು ತಿಂಗಳಾಯಿತು. ನೆರೆಹೊರೆಯವರು ಬಂದು, “ಮೈಸೂರು ಸೀಮಿ ಹೆಂಗಿತ್ರಿ ಮಾಸ್ತರ?” ಎಂದು ಕೇಳುತ್ತಾರೆ. ಅರಮನೆಯ ದೀಪ, ಶ್ರೀಗಂಧದ ಪೆಟ್ಟಿಗೆ, ಮಹಾರಾಜರ ಆನೆ ಎಂದು ನಾನು ಹೇಳುತ್ತೇನೆಂದು ಕಾದು ಕೂರುತ್ತಾರೆ. ಅವುಗಳಲ್ಲಿ ಒಂದನ್ನೂ ನಾನು ನೋಡಲಿಲ್ಲ. ನಾನು ನೋಡಿದ್ದು ಒಂದು ಹುಣಸೆ ತೋಪು, ಜೋಡಿಸಿ ಕಟ್ಟಿದ ಎರಡು ಎತ್ತಿನ ಗಾಡಿ, ಮತ್ತು ನನ್ನ ನೆತ್ತಿಯಿಂದ ಒಂದು ಮೊಳ ಮೇಲೆ ನಿಂತುಬಿಟ್ಟ ಒಂದು ದೊಣ್ಣೆ. ಅದರ ತುದಿಗೆ ಹಿತ್ತಾಳೆಯ ಕಟ್ಟು ಹಾಕಿದ್ದರು. ಬಿಸಿಲಿಗೆ ಅದು ಹೊಳೆಯುತ್ತಿತ್ತು.

ಆ ಹೊಳಪನ್ನು ಈಗಲೂ ದಿನಕ್ಕೆ ನಾಲ್ಕಾರು ಸಲ ನೋಡುತ್ತೇನೆ. ಕರಿಹಲಗೆಯ ಮೇಲೆ ಬರೆಯುವಾಗ, ಕೈಕಾಲು ತೊಳೆಯುವಾಗ, ರೊಟ್ಟಿಯ ಚೂರು ಬಾಯಿಗೆ ಇಡುವಾಗ. ಮೊನ್ನೆ ಶಾಲೆಯ ಕೂಟದಲ್ಲಿ ಹುಡುಗರು ಒಮ್ಮೆಲೇ ಚಪ್ಪಾಳೆ ಬಡಿದರು. ನಾನು ಕುರ್ಚಿಯ ಪಕ್ಕಕ್ಕೆ ಬಗ್ಗಿಬಿಟ್ಟೆ. ಸೀಸದ ಕಡ್ಡಿ ಬಿದ್ದಿತ್ತು ಎಂದು ಹೆಡ್‌ಮಾಸ್ತರರಿಗೆ ಸುಳ್ಳು ಹೇಳಿ ಪಾರಾದೆ.

ಹೀಗೆಂದು ಇದನ್ನು ದುಃಖದ ಕಥೆ ಎಂದುಕೊಳ್ಳಬೇಡಿ. ಮನುಷ್ಯರು ಗೆಲ್ಲುವುದನ್ನು ನಾನು ಇಷ್ಟು ಹತ್ತಿರದಿಂದ ಹಿಂದೆಂದೂ ಕಂಡಿರಲಿಲ್ಲ. ಆ ಗೆಲುವನ್ನು ಒಂದೇ ಮಾತಿನಲ್ಲಿ ಹಾಳು ಮಾಡಲಿದ್ದವನು ನಾನೇ ಆದ್ದರಿಂದ, ಅದನ್ನು ಹೇಳುವ ಭಾರವೂ ನನ್ನದೇ.

ಹರಿಹರದ ಸೇತುವೆ

ಧಾರವಾಡದವರಿಗೆ ಮೈಸೂರು ಪರದೇಶವೇ. ನಮಗೆ ಕಲೆಕ್ಟರರು, ಅವರಿಗೆ ಮಹಾರಾಜರು. ನಮಗೆ ಚಹಾ, ಅವರಿಗೆ ಕಾಫಿ ಇಲ್ಲದೆ ಸೂರ್ಯನೇ ಮೇಲೇಳುವುದಿಲ್ಲ. ಹರಿಹರದಲ್ಲಿ ರೈಲು ತುಂಗಭದ್ರೆಯನ್ನು ದಾಟುವಾಗ ನಾನು ಕಿಟಕಿಯಿಂದ ತಲೆ ಹಾಕಿ ನೋಡಿದೆ. ನೀರು ಎರಡೂ ದಂಡೆಗೆ ಒಂದೇ ಬಣ್ಣದ್ದಿತ್ತು. ಎಮ್ಮೆಗಳು ಯಾವ ಸರ್ಕಾರದವು ಎಂದು ತಿಳಿಯುವಂತಿರಲಿಲ್ಲ.

ಈ ಪ್ರಯಾಣಕ್ಕೆ ಕಾರಣ ಒಂದು ಕಾಗದ. ಪುಣೆಯ ಕಾಲೇಜಿನಲ್ಲಿ ನನ್ನೊಡನೆ ಒಂದೇ ಕೋಣೆಯಲ್ಲಿದ್ದ ನಂಜೇಗೌಡ ಬರೆದಿದ್ದ. ದೇವನಹಳ್ಳಿಯ ಕಡೆಯ ರೈತರ ಮಗ. ಅವನ ತಂದೆ ಮುದ್ದೇಗೌಡರು ಅವರ ಹಳ್ಳಿಗೆ ಪಟೇಲರು. ಹಿಂದಿನ ಜಿಲ್ಲಾ ಬೋರ್ಡಿನ ಚುನಾವಣೆಯಲ್ಲಿ ಅವರೂ ದೇವನಹಳ್ಳಿ ಪೇಟೆಯ ಖಾದರ್ ಸಾಹೇಬರೆಂಬ ಹುಣಸೆಹಣ್ಣಿನ ವ್ಯಾಪಾರಿಯೂ ಎದುರೆದುರು ನಿಂತಿದ್ದರು. ಹಳ್ಳಿಯವರಿಗೂ ಪೇಟೆಯವರಿಗೂ ದೊಣ್ಣೆ ದೊಣ್ಣೆ ತಾಗಿತ್ತು. ಇವರಿಬ್ಬರ ಜಗಳದಲ್ಲಿ ಮೂರನೆಯವನೊಬ್ಬ ಗೆದ್ದುಹೋದ. ಗೆದ್ದವನು ಬೆಂಗಳೂರು ಸೇರಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಈಗ, ಯುದ್ಧ ಮುಗಿದ ಮರುವರ್ಷ, ಮತ್ತೆ ಚುನಾವಣೆ. ನಂಜೇಗೌಡನ ಕಾಗದದಲ್ಲಿ ಇದ್ದುದು ನಾಲ್ಕೇ ಸಾಲು: “ಅಪ್ಪ ಈ ಸಲ ನಿಲ್ಲುತ್ತಿಲ್ಲ. ಖಾದರ್ ಸಾಹೇಬರಿಗೆ ಓಟು ಕೊಡಿ ಎಂದು ತುಂಬಿದ ಸಭೆಯಲ್ಲಿ ಹೇಳುತ್ತಾರಂತೆ. ನೋಡದಿದ್ದರೆ ನೀನು ನಂಬುವುದಿಲ್ಲ. ಬಾ.”

ಹರಿಹರ ದಾಟಿದ ಮೇಲೆ ಡಬ್ಬಿಗೆ ಹತ್ತಿದ ಒಬ್ಬ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಸ್ವಾಮಿ, ತಿಂಡಿ ಆಯ್ತಾ?” ಎಂದರು.

ನನ್ನ ಮುಖ ಬಿಸಿಯಾಯಿತು. ನಮ್ಮ ಕಡೆ ತಿಂಡಿ ಎಂದರೆ ತುರಿಕೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. “ನಿನಗ ತಿಂಡಿ ಬಂದೈತೇನು?” ಎಂದು ಯಾರಾದರೂ ಕೇಳಿದರೆ ಮುಂದಿನ ಉತ್ತರ ಬಾಯಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಆದರೂ ಹಿರಿಯರು ಎಂದು ಸಹಿಸಿಕೊಂಡು, “ನನಗ ಅಂಥಾದ್ದೇನೂ ಇಲ್ರಿ” ಎಂದೆ.

“ಅಯ್ಯೋ ಪಾಪ, ಇಷ್ಟೊತ್ತಾದ್ರೂ ಇಲ್ವಾ!” ಎಂದು ಅವರು ಗಂಟು ಬಿಚ್ಚಿ, ಎಲೆಯಲ್ಲಿ ನಾಲ್ಕು ಇಡ್ಲಿ ಇಟ್ಟು ನನ್ನ ತೊಡೆಯ ಮೇಲೆ ಇಟ್ಟರು.

ಇಡ್ಲಿ ತಿನ್ನುತ್ತಾ ನಗು ತಡೆಯಲಾಗಲಿಲ್ಲ. ಒಂದೇ ಭಾಷೆ, ಒಂದೇ ಅಕ್ಷರ, ನದಿಯ ಈಚೆ ಬಂದರೆ ತುರಿಕೆ ಇಡ್ಲಿಯಾಗುತ್ತದೆ! ಇದನ್ನು ಊರಿಗೆ ಹೋಗಿ ಎಲ್ಲರಿಗೂ ಹೇಳಬೇಕೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮಾತಿನ ವ್ಯತ್ಯಾಸ ಎಂದರೆ ನಗುವುದಕ್ಕೆ ಇರುವ ಸಂಗತಿ ಎಂದೇ ಆಗ ನಾನು ತಿಳಿದಿದ್ದೆ.

ದೇವನಹಳ್ಳಿಯ ಪುಟ್ಟ ರೈಲು

ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ರೈಲು ನಮ್ಮ ಜಾತ್ರೆಯ ಆಟಿಕೆಯಷ್ಟಿದೆ. ಎದುರು ಸಾಲಿನಲ್ಲಿ ಕುಳಿತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತದೆ. ಆದ್ದರಿಂದ ಅಪರಿಚಿತರಾಗಿ ಉಳಿಯಲು ಸಾಧ್ಯವೇ ಇಲ್ಲ. ಯಲಹಂಕ ದಾಟಿದ ಮೇಲೆ ಒಬ್ಬನ ರುಮಾಲು ಗಾಳಿಗೆ ಹಾರಿತು. ಅವನು ಅವಸರವಿಲ್ಲದೆ ಇಳಿದ, ರುಮಾಲು ಹೆಕ್ಕಿ ಕೊಡವಿದ, ಓಡಿ ಬಂದು ಹಿಂದಿನ ಡಬ್ಬಿ ಹತ್ತಿದ. ಯಾರೂ ತಲೆ ತಿರುಗಿಸಿ ನೋಡಲಿಲ್ಲ.

ನನ್ನ ಎದುರಿಗೆ ಬಿಳಿ ಗಡ್ಡದ, ಕೆಂಪು ಟರ್ಕಿ ಟೋಪಿಯ ಹಿರಿಯರೊಬ್ಬರು ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಬುಟ್ಟಿಯಲ್ಲಿ ತಲೆ ಗಾತ್ರದ ಹಣ್ಣುಗಳು. ಇಷ್ಟು ದೊಡ್ಡ ಮೋಸಂಬಿ ನಾನು ನೋಡಿಲ್ಲ ಎಂದೆ. ಅವರು ನಕ್ಕು, ಚಕ್ಕೋತವನ್ನು ಸುಲಿಯುವುದು ಹೇಗೆಂದು ತೋರಿಸಿದರು. ಸಿಪ್ಪೆಯ ಕೆಳಗೆ ಬೆರಳು ದಪ್ಪದ ಬಿಳಿಯ ಮೆತ್ತೆ. ತೊಳೆಯ ಮೇಲಿನ ಪೊರೆಯನ್ನೂ ತೆಗೆದು ಕೊಟ್ಟರು.

“ಯಾರ ಮನೆಗೆ ಹೊರಟ್ರಿ?”

“ಪಟೇಲ ಮುದ್ದೇಗೌಡರ ಮನೀಗ್ರಿ.”

ಅವರ ಕೈ ನಿಂತಿತು. “ಸಭೆಗೆ ಬಂದ್ರಾ?”

“ಹೌದ್ರಿ. ಖಾದರ್ ಸಾಹೇಬರಿಗೆ ಗೌಡರು...”

“ನಾನೇ ಖಾದರ್,” ಎಂದರು.

ಎಂದು ಕಿಟಕಿಯ ಹೊರಗೆ ನೋಡಿದರು. ಹೊಲಗಳಲ್ಲಿ ರಾಗಿಯ ಕೂಳೆ ಒಣಗಿ ನಿಂತಿತ್ತು. ನಂತರ ತಾವಾಗಿಯೇ ಹೇಳಿದರು: “ಹೋದ ಸಲ ನನ್ನ ಕಡೆಯ ಹುಡುಗರು ಗೌಡರ ಆಳಿನ ಕೈ ಮುರಿದ್ರು. ನಾನು ಮುರೀರಿ ಅನ್ನಲಿಲ್ಲ. ಬೇಡ ಅಂತಲೂ ಹೇಳೋಕೆ ಆಗಲಿಲ್ಲ, ಅಷ್ಟು ಗಲಾಟೆ. ಈ ಸಲ ಗೌಡರಿಗೆ ಒಂದು ಮಾತು ಹೇಳಿದೀನಿ. ತೋಪಿನಲ್ಲಿ ಒಂದು ಕೋಲು ಮೇಲೆದ್ರೆ, ಯಾರ ಕಡೆಯದೇ ಆಗಲಿ, ನಾನು ಹೆಸರು ವಾಪಸ್ ತಗೋತೀನಿ. ಇನ್ನೊಬ್ಬನ ಕೈ ಮುರಿದು ಬರೋ ಕುರ್ಚಿ ನನಗೆ ಬೇಡ.”

ದೇವನಹಳ್ಳಿಯಲ್ಲಿ ಇಳಿಯುವಾಗ ಒಂದು ಚಕ್ಕೋತವನ್ನು ನನ್ನ ಕೈಗೆ ಇಟ್ಟರು. “ಗೌಡರ ತಾಯಿಗೆ ಕೊಡಿ. ಯಾರು ಕೊಟ್ರು ಅಂದ್ರೆ ಹೇಳಬೇಡಿ. ಹೇಳಿದ್ರೂ ಏನಿಲ್ಲ.”

ಗೌಡರ ಜಗುಲಿ

ನಂಜೇಗೌಡ ಗಾಡಿ ತಂದಿದ್ದ. ಅವರ ಹಳ್ಳಿ ನಲ್ಲೂರಿನ ಪಕ್ಕದಲ್ಲೇ. ದಾರಿಯುದ್ದಕ್ಕೂ ಅವನು ನಮ್ಮ ಪುಣೆಯ ಖಾನಾವಳಿಯ ಸುದ್ದಿ ಮಾತಾಡಿದನೇ ಹೊರತು ಸಭೆಯ ಸುದ್ದಿ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

“ಭಯ ಆಗ್ತೈತೆ ಕಣೋ,” ಎಂದ. “ಅಪ್ಪ ಹೇಳಿದ್ರೆ ನಮ್ಮೂರೋರು ಎದುರು ಮಾತಾಡಲ್ಲ. ಆದ್ರೆ ಸುಮ್ನಿರೋದು ಬೇರೆ, ಒಪ್ಪೋದು ಬೇರೆ.”

ಮುದ್ದೇಗೌಡರು ಎತ್ತರದ ಆಳು, ಮಾತು ಕಡಿಮೆ. ಜಗುಲಿಯ ಕಂಬಕ್ಕೆ ಒರಗಿ ಕುಳಿತು ನನ್ನ ಕುಶಲ ಕೇಳಿದರು. ಧಾರವಾಡದಲ್ಲಿ ಮಳೆ ಹೇಗೆ, ಜೋಳ ಎಷ್ಟು ಎತ್ತರ ಬರುತ್ತದೆ ಎಂದು ವಿಚಾರಿಸಿದರು. ಊಟಕ್ಕೆ ಮುದ್ದೆ. ಅದನ್ನು ಅಗಿಯಬಾರದು ಎಂದು ಪುಣೆಯಲ್ಲೇ ನಂಜೇಗೌಡ ನನಗೆ ಪಾಠ ಹೇಳಿದ್ದರಿಂದ ಆ ಪರೀಕ್ಷೆಯಲ್ಲಿ ಪಾಸಾದೆ. ಅಲ್ಲಿಯೇ ಕೆಳಗೆ ಮೆಟ್ಟಿಲ ಮೇಲೆ ಕುಳಿತಿದ್ದವನು ಮುನಿಯ. ಎಡಗೈ ಮೊಣಕೈಯ ಬಳಿ ಸೊಟ್ಟಗೆ ಕೂಡಿಕೊಂಡಿತ್ತು. ಅಂಗೈ ಹೊರಕ್ಕೆ ತಿರುಗಿತ್ತು. ಸಾಹೇಬರು ಹೇಳಿದ ಕೈ ಇದೇ ಎಂದು ಯಾರೂ ಹೇಳದೆ ಗೊತ್ತಾಯಿತು.

“ನಾಳೆ ಸಭೇಲಿ ಮುಂದೆ ಕೂತ್ಕೋ ಮುನಿಯಾ,” ಎಂದರು ಗೌಡರು. “ನಾನು ಹೇಳಿದ್ ಮೇಲೆ ಮೊದ್ಲು ನೀನು ಚಪ್ಪಾಳೆ ಹೊಡೀಬೇಕು. ನೀನು ಹೊಡುದ್ರೆ ಊರು ಹೊಡೀತದೆ.”

ಮುನಿಯ ತನ್ನ ಸೊಟ್ಟ ಕೈಯನ್ನು ಎತ್ತಿ ತೋರಿಸಿದ. “ಒಂದ್ಕೈಲಿ ಚಪ್ಪಾಳೆ ಆಗಲ್ಲ ಬುದ್ಧಿ,” ಎಂದ. ಎದ್ದು ಹೋದ.

ಗೌಡರು ಅವನು ಹೋದ ದಿಕ್ಕನ್ನೇ ನೋಡುತ್ತಿದ್ದರು. ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ: ಇಷ್ಟು ದ್ವೇಷವಿದ್ದ ಮೇಲೆ ಸಾಹೇಬರ ಪರ ಏಕೆ?

ಅವರು ಅಂಗಳದ ಮೂಲೆಯನ್ನು ತೋರಿಸಿದರು. ಅಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಕೆಳಗೆ ಹಗೇವು, ಅಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಯುದ್ಧದ ಕಾಲದಲ್ಲಿ ಸರ್ಕಾರ ಕಾಳು ವಸೂಲಿ ಮಾಡುತ್ತಿದ್ದಾಗ, ಮುದ್ದೇಗೌಡ ರಾಗಿ ಬಚ್ಚಿಟ್ಟಿದ್ದಾನೆ ಎಂದು ಯಾರೋ ಹೆಸರಿಲ್ಲದ ಅರ್ಜಿ ಹಾಕಿದರು. ಅಧಿಕಾರಿಗಳು ಬಂದು ಹಗೇವು ತೆಗೆಸಿದರು. ಗೌಡರ ಕಡೆಗೆ ವಾಲದ ಸಾಕ್ಷಿ ಬೇಕೆಂದು ಎದುರಾಳಿಯನ್ನೇ ಕರೆಸಿದರು.

“ಖಾದರ್ ಒಂದು ಸುಳ್ಳು ಹೇಳಿದ್ರೆ ನಾನು ಜೈಲಿಗೆ ಹೋಗ್ತಿದ್ದೆ. ಸುಳ್ಳೂ ಬೇಡ, ‘ನಂಗೊತ್ತಿಲ್ಲ’ ಅಂದಿದ್ರೂ ಸಾಕಾಗಿತ್ತು,” ಎಂದರು ಗೌಡರು. “ಅವನು ಏನಂದ ಗೊತ್ತಾ? ‘ಇದು ಗೌಡನ ರಾಗಿ ಅಲ್ಲ, ಊರ ರಾಗಿ. ಮಳೆ ಕೈಕೊಟ್ರೆ ಅಂತ ಮನೆಗಿಷ್ಟು ಅಂತ ಹಾಕಿರೋದು. ಹುಣಸೆಹಣ್ಣು ಕೊಳ್ಳೋಕೆ ಬಂದಾಗ ಬಡವರು ಮೊರದಲ್ಲಿ ತಂದು ಸುರಿಯೋದನ್ನ ನನ್ನ ಕಣ್ಣಲ್ಲೇ ನೋಡಿದೀನಿ.’ ಅಷ್ಟು ಹೇಳಿ, ನನ್ನ ಮುಖಾನೂ ನೋಡ್ದೆ ಗಾಡಿ ಹತ್ತಿ ಹೋದ. ಆ ವರ್ಷ ಊರೆಲ್ಲ ಆ ರಾಗೀನೇ ತಿಂದಿದ್ದು. ಮುನಿಯನೂ ತಿಂದಿದಾನೆ.”

ಒಳಗೆ ಬೀಸುವ ಕಲ್ಲಿನ ಸದ್ದು ಶುರುವಾಗಿತ್ತು. ಗೌಡರ ತಾಯಿ ತಿಮ್ಮಜ್ಜಿ. ಬೊಚ್ಚು ಬಾಯಿ, ಬೆನ್ನು ಬಾಗಿದೆ, ದನಿ ಮಾತ್ರ ಹದಿನೆಂಟರದು. ಚಕ್ಕೋತವನ್ನು ಮೂಸಿ ನೋಡಿ, “ಇದು ಖಾದರ್‌ನ ಹಿತ್ಲದ್ದು” ಎಂದಿದ್ದಳು. ನಾನು ಏನೂ ಹೇಳಬೇಕಾಗಿರಲಿಲ್ಲ. ಈಗ ರಾಗಿ ಬೀಸುತ್ತಾ ಪದ ಹಾಡತೊಡಗಿದಳು. ತವರಿನ ದಾರಿಯ ಮರಗಳನ್ನು ಒಂದೊಂದಾಗಿ ಮಾತಾಡಿಸುವ ಹಾಡು. ನಮ್ಮ ಕಡೆಯ ಬೀಸುವ ಪದದ ಧಾಟಿಯೇ. ನನ್ನ ತಾಯಿಯ ನೆನಪಾಗಿ ಕಣ್ಣು ತುಂಬಿತು. ಹಾಡು ಮುಗಿದೊಡನೆ ತಡೆಯಲಾರದೆ, ಅಲ್ಲಿದ್ದ ಸೊಸೆಯಂದಿರು ಮೊಮ್ಮಕ್ಕಳ ಕಡೆಗೆಲ್ಲ ಕೈಬೀಸಿ, “ಬಡೀರಿ, ಬಡೀರಿ! ಎಲ್ಲಾರೂ ಬಡೀರಿ!” ಎಂದೆ.

ಕಲ್ಲು ನಿಂತಿತು. ಅಜ್ಜಿ ನನ್ನನ್ನೇ ನೋಡಿ, “ಯಾಕಪ್ಪಾ, ಹಾಡಿದ್ ತಪ್ಗೆ ನನ್ನ ಬಡೀಬೇಕಾ?” ಎಂದಳು.

ಧಾರವಾಡದಲ್ಲಿ ನಾವು ಚಪ್ಪಾಳೆ ಬಡಿಯುತ್ತೇವೆ. ಅಲ್ಲಿ ಚಪ್ಪಾಳೆ ಹೊಡೆಯುತ್ತಾರೆ, ತಟ್ಟುತ್ತಾರೆ. ಬಡಿಯುವುದೆಂದರೆ ಮನುಷ್ಯರನ್ನೇ, ಅದೂ ಕೋಲಿನಿಂದ. ನಂಜೇಗೌಡ ಬಿದ್ದು ಬಿದ್ದು ನಗುತ್ತಾ ಇದನ್ನು ಬಿಡಿಸಿ ಹೇಳಿದ. ಗೌಡರೂ ನಕ್ಕರು. ಅಜ್ಜಿ ಮಾತ್ರ ಆ ಸಂಜೆಯೆಲ್ಲ ನಾನು ಎದುರಾದಾಗಲೆಲ್ಲ ಬೆನ್ನು ಮುಟ್ಟಿಕೊಂಡು, “ಬಡೀಬ್ಯಾಡಪ್ಪಾ, ಮುದ್ಕಿ” ಎನ್ನುತ್ತಿದ್ದಳು. ಈ ಪದ ಇಲ್ಲಿ ಆಡಬಾರದು ಎಂದು ನನಗೆ ಚೆನ್ನಾಗಿ ತಿಳಿಯಿತು. ತಿಳಿದಿದ್ದೂ ಆಡಿದೆ. ಅದೇ ನನ್ನನ್ನು ಈಗಲೂ ಕೊರೆಯುವುದು.

ಹುಣಸೆ ತೋಪು

ನಲ್ಲೂರಿನ ತೋಪಿನ ಮರಗಳ ವಯಸ್ಸು ಅಲ್ಲಿ ಯಾರಿಗೂ ಗೊತ್ತಿಲ್ಲ. ಕೆಲವು ಒಳಗೆ ಪೂರ್ತಿ ಟೊಳ್ಳು. ಒಂದರ ಪೊಟರೆಯಲ್ಲಿ ಕುರಿ ಕಾಯುವವನೊಬ್ಬ ಕಂಬಳಿ ಹಾಸಿ ಮಲಗಿದ್ದ. ಸಭೆಗೆ ಈ ಸ್ಥಳವನ್ನು ಆರಿಸಿದ್ದು ಇದು ಹಳ್ಳಿಯದೂ ಅಲ್ಲ, ಪೇಟೆಯದೂ ಅಲ್ಲ ಎಂದು. ಹಣ್ಣಿನ ಕಾಲ. ನೆಲದ ಮೇಲೆಲ್ಲ ಓಡು ಒಡೆದ ಹುಣಸೆ ಬಿದ್ದಿತ್ತು, ಕಾಲಿಟ್ಟರೆ ಚಟಪಟ ಎನ್ನುತ್ತಿತ್ತು.

ವೇದಿಕೆ ಎಂದರೆ ಎರಡು ಗಾಡಿ. ಒಂದು ಗೌಡರದು, ಒಂದು ಸಾಹೇಬರದು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಹಗ್ಗದಿಂದ ಬಿಗಿದಿದ್ದರು. ಸಾಹೇಬರ ಗಾಡಿ ಒಂದು ಗೇಣು ಎತ್ತರ. ನಡುವೆ ನಿಂತವರ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.

ಬಂದವರೆಲ್ಲ ಕೋಲು ಇಟ್ಟು ಒಳಗೆ ಬರಬೇಕು ಎಂದು ಗೌಡರ ಕಟ್ಟಪ್ಪಣೆ. ಹಳ್ಳಿಯವರ ಕೋಲುಗಳು ಒಂದು ಮರದ ಬುಡಕ್ಕೆ, ಪೇಟೆಯವರವು ಇನ್ನೊಂದರ ಬುಡಕ್ಕೆ. ಹಸು ಕಾಯುವ ಕೋಲು, ಬಿದಿರು ದೊಣ್ಣೆ, ಕಟ್ಟು ಹಾಕಿದ ಲಾಠಿ. ಬಂದವರ ಮುಖ ನೋಡುವ ಮೊದಲು ನಾನು ಆ ರಾಶಿಗಳನ್ನು ನೋಡಿದೆ. ಇಬ್ಬರು ಪೊಲೀಸ್ ಪೇದೆಗಳು ಎರಡು ರಾಶಿಗಳ ನಡುವೆ ಕುಳಿತು ಹುಣಸೆಹಣ್ಣು ಬಿಡಿಸಿ ಚೀಪುತ್ತಿದ್ದರು.

ಎಡಕ್ಕೆ ಹಳ್ಳಿಯವರು, ಬಲಕ್ಕೆ ಪೇಟೆಯವರು. ನಡುವೆ ಒಂದು ಗಾಡಿ ಹೋಗುವಷ್ಟು ಬಯಲು. ಆ ಬಯಲಲ್ಲಿ ಯಾರೂ ಕೂರಲಿಲ್ಲ. ನಾನು ಹೊರಗಿನವನೆಂದು ಪೇಟೆಯವರು ಉಪಚಾರದಿಂದ, “ಆಯಿಯೇ, ಮೇಷ್ಟ್ರೇ” ಎಂದು ತಮ್ಮ ಜಮಖಾನದ ಮೇಲೆ ಜಾಗ ಮಾಡಿಕೊಟ್ಟರು. ನಂಜೇಗೌಡ ಹಿಂದೆ ಗಾಡಿಗಳ ಬಳಿ ಎತ್ತು ಬಿಚ್ಚುತ್ತಿದ್ದ, ನನಗೆ ಬೇಡ ಎನ್ನಲಾಗಲಿಲ್ಲ. ಹೀಗೆ ಹಳ್ಳಿಯವರ ಕಣ್ಣಿಗೆ ನಾನು, ಕರಿ ಟೋಪಿ ಹಾಕಿದ ಒಬ್ಬ ಅಪರಿಚಿತ, ಪೇಟೆಯವರು ಎಲ್ಲಿಂದಲೋ ಕರೆಸಿಕೊಂಡ ಆಳಾದೆ. ತಿಮ್ಮಜ್ಜಿ ಹಿಂದೆ, ಎತ್ತು ಬಿಚ್ಚಿದ ಕಮಾನು ಗಾಡಿಯಲ್ಲಿ ಕುಳಿತಿದ್ದಳು. “ನನ್ ಮಗ ಏನ್ ಮಾತಾಡ್ತಾನೆ ಕೇಳ್ಬೇಕು” ಎಂದು ಹಟ ಮಾಡಿ ಬಂದಿದ್ದಳು.

ಗೌಡರು ಎದ್ದು ನಿಂತರು. ಭಾಷಣ ಅವರಿಗೆ ಬರುವುದಿಲ್ಲ. ಹೊಲದಲ್ಲಿ ಆಚೆಯವನನ್ನು ಕರೆಯುವ ದನಿಯಲ್ಲಿ ಹೇಳಿದರು:

“ಹೋದ ಸಲ ಈ ಖಾದರ್‌ಗೆ ಓಟ್ ಹಾಕ್ಬೇಡಿ ಅಂತ ಮನೆಮನೆಗೂ ಬಂದು ಹೇಳ್ದೋನು ನಾನೇ. ಅವತ್ತು ಹೇಳಿದ್ದೂ ಇದೇ ಬಾಯಿ. ಇವತ್ತು ಹೇಳ್ತಿರೋದೂ ಇದೇ ಬಾಯಿ. ನನ್ನ ಹಗೇವು ತೆಗೆದಾಗ ನನ್ನ ನೆಂಟರು ಒಬ್ರೂ ಬರಲಿಲ್ಲ. ನನ್ನ ವೈರಿ ಬಂದು ನಿಜ ಹೇಳ್ದ. ವೈರಿ ಬಗ್ಗೆ ನಿಜ ಹೇಳೋನು ನಿಮ್ಮ ಬಗ್ಗೆ ಸುಳ್ಳು ಹೇಳ್ತಾನಾ? ಬೋರ್ಡಿಗೆ ಇಂಥೋನು ಬೇಕು. ನನ್ನ ಓಟು ಖಾದರ್‌ಗೆ. ನನ್ನ ಮಾತು ನಿಮಗೆ ಮಾತು ಅನ್ನಿಸಿದ್ರೆ ನಿಮ್ದೂ ಖಾದರ್‌ಗೆ.”

ಅಷ್ಟೇ. ನಿಂತುಬಿಟ್ಟರು, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಳ್ಳಿಯವರು ಮುನಿಯನನ್ನು ನೋಡಿದರು. ಮುನಿಯ ನೆಲ ನೋಡುತ್ತಿದ್ದ. ಪೇಟೆಯವರು ಹಳ್ಳಿಯವರು ಶುರು ಮಾಡಲಿ ಎಂದು ಕಾದರು. ಮರದಿಂದ ಒಂದು ಹುಣಸೆಕಾಯಿ ಬಿದ್ದ ಸದ್ದು ಕೇಳಿಸಿತು. ಗೌಡರ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಊರ ಮುಂದೆ ತನ್ನ ಮಾನವನ್ನು ಬಿಚ್ಚಿ ಇಟ್ಟ ಮನುಷ್ಯ, ಅದನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ. ನನಗೆ ಆ ಮೌನ ತಡೆಯಲಾಗಲಿಲ್ಲ. ಎದ್ದು ನಿಂತೆ. ಎರಡೂ ಕೈ ಮೇಲೆತ್ತಿ ಕೂಗಿದೆ:

“ಯಾಕ ಸುಮ್ಮ ಕುಂತೀರಿ? ಬಡೀರಿ! ಬಡೀರ್ರೀ!”

ಅದೇ ತೋಪು, ಅದೇ ಗಳಿಗೆ

ಇಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಒಂದೊಂದು ಸಲ ಒಂದೊಂದು ವೇಗದಲ್ಲಿ ನಡೆಯುತ್ತದೆ. ಕೆಲವು ಸಲ ಎಷ್ಟು ನಿಧಾನವೆಂದರೆ ಪ್ರತಿಯೊಬ್ಬನ ಮೀಸೆ ಕಾಣುತ್ತದೆ.

“ಬಡೀರಿ ಅಂತಾವ್ನೆ ಕಣ್ರಲಾ! ನಮ್ಮನ್ನ ಬಡೀರಿ ಅಂತಾವ್ನೆ!” ಎಂದು ಎಡಗಡೆಯಿಂದ ಯಾರೋ ಅರಚಿದರು. ನೆಲ ನೋಡುತ್ತಿದ್ದ ಮುನಿಯ ಒಂದೇ ನೆಗೆತಕ್ಕೆ ಎದ್ದ. ಹಳ್ಳಿಯವರು ತಮ್ಮ ಮರದ ಕಡೆಗೆ, ಅದನ್ನು ಕಂಡು ಪೇಟೆಯ ಹುಡುಗರು ತಮ್ಮ ಮರದ ಕಡೆಗೆ. ಕಾಲಡಿಯಲ್ಲಿ ಹುಣಸೆ ಓಡು ಪಟಪಟನೆ ಒಡೆಯುವ ಸದ್ದು, ಬೆಂಕಿ ಬಿದ್ದ ಹಾಗೆ. ಪೇದೆಗಳು ಟೊಳ್ಳು ಮರದೊಳಗೆ ಹೋದರು. ಸಾಹೇಬರು ಎರಡೂ ಕೈ ಚಾಚಿ ತಮ್ಮವರಿಗೆ, “ಬೈಠೋ! ಅರೆ ಬೈಠೋ!” ಎಂದು ಕೂಗುತ್ತಿದ್ದರು, ದನಿ ಒಡೆದು ಅಳುವಿನಂತಾಗಿತ್ತು.

ನಾನು ಓಡಲಿಲ್ಲ. ಧೈರ್ಯದಿಂದಲ್ಲ, ಕಾಲು ಇದೆ ಎಂಬುದೇ ಮರೆತಿತ್ತು. ಮುನಿಯ ಬಯಲು ದಾಟಿ ನೇರ ನನ್ನ ಕಡೆಗೆ ಬಂದ. ಬಲಗೈಯಲ್ಲಿ ಹಿತ್ತಾಳೆ ಕಟ್ಟಿನ ದೊಣ್ಣೆ. “ನಮ್ಮ ಗೌಡ್ರ ಮನೇಲಿ ಉಂಡು ಅವ್ರ ಕಡೆ ಸೇರ್ಕೊಂಡ್ಯೇನಲಾ?” ಎಂದ. ದೊಣ್ಣೆ ಮೇಲಕ್ಕೆ ಹೋಯಿತು. ‘ಚಪ್ಪಾಳೆ’ ಎಂಬ ಪದ ನನ್ನ ಬಾಯಿಗೆ ಬರಲೇ ಇಲ್ಲ. ಬಿ.ಎ. ಓದಿದ ಬಾಯಿ. ಆ ಒಂದು ಪದ ಬರಲಿಲ್ಲ.

“ಲೇ ಮುನಿಯಾ!”

ಗಂಡಸರ ಕೂಗಾಟದ ಮೇಲೆ ಬಂದ ಆ ದನಿ ತಿಮ್ಮಜ್ಜಿಯದು. ಗಾಡಿಯ ಕಮಾನು ಹಿಡಿದು ಎದ್ದು ನಿಂತಿದ್ದಳು.

“ಲೇ ಮುನಿಯಾ, ನಿನ್ನೆ ನನ್ನೂ ಬಡೀರಿ ಅಂದೋನು ಕಣೋ ಅವ್ನು! ಪದ ಹಾಡಿದ್ದಕ್ಕೆ! ಅವರ ಸೀಮೇಲಿ ಚಪ್ಪಾಳೆಗೆ ಬಡಿಯೋದು ಅಂತಾರಂತೆ! ಬಡೀಲೇಬೇಕು ಅಂದ್ರೆ ಬಾ, ಮೊದ್ಲು ನನ್ನ ಬಡಿ, ಆಮೇಲೆ ಅವ್ನ ಬಡೀವಂತೆ!”

ದೊಣ್ಣೆ ಅಲ್ಲೇ ನಿಂತಿತು. ಒಂದು ಮೊಳ ಮೇಲೆ.

ಗೌಡರು ಗಾಡಿಯಿಂದ ಇಳಿದು ಬಂದಿದ್ದರು. ಮುನಿಯನನ್ನು ಹಿಡಿಯಲಿಲ್ಲ, ಬಯ್ಯಲಿಲ್ಲ. ನನ್ನ ಪಕ್ಕದಲ್ಲಿ ನಿಂತು, ನನ್ನ ಹಾಗೆಯೇ ಎರಡೂ ಕೈ ಮೇಲೆತ್ತಿ, ನಮ್ಮ ಧಾರವಾಡದ ರಾಗವನ್ನೇ ಎಳೆದು, “ಬಡೀರ್ರೀ!” ಎಂದರು. ಎಂದು ತಾವೇ ಚಪ್ಪಾಳೆ ತಟ್ಟಿದರು. ನೇಗಿಲು ಹಿಡಿದ ಕೈ. ಹಲಗೆಯ ಮೇಲೆ ಹಲಗೆ ಬಿದ್ದಂತಿತ್ತು ಸದ್ದು.

ಹಳ್ಳಿಯ ಕಡೆಯಿಂದ ಯಾರೋ ಮೂಗಿನಲ್ಲಿ ನಕ್ಕರು. ಇನ್ನೊಬ್ಬ, “ಥೂ, ಚಪ್ಪಾಳೇನಾ!” ಎಂದ. ನಗು ಸಾಲು ಹಿಡಿದು ಹಬ್ಬಿತು. ಪೇಟೆಯವನೊಬ್ಬ ಆಗಲೇ ಎತ್ತಿದ್ದ ಕೋಲನ್ನು ಬೆನ್ನ ಹಿಂದೆ ಅಡಗಿಸಿದ. ಅದನ್ನು ಕಂಡು ಇನ್ನಷ್ಟು ನಗು.

ಮುನಿಯ ಮಾತ್ರ ನಗಲಿಲ್ಲ. ದೊಣ್ಣೆ ಇಳಿಸಿದ. ಅದನ್ನೇ ನೋಡುತ್ತಾ, “ಕೋಲು ಎದ್ದೇಬಿಡ್ತಲ್ಲ ಬುದ್ಧಿ,” ಎಂದ. ಸಾಹೇಬರ ಷರತ್ತು ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಗು ನಿಂತಿತು.

ಖಾದರ್ ಸಾಹೇಬರು ಇಳಿದು ಬಂದರು. ಗುಂಪು ದಾರಿ ಬಿಟ್ಟಿತು. ಈಗ ಅವರು ಹೆಸರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎನ್ನುತ್ತಾರೆ ಎಂದುಕೊಂಡೆ. ಅದೆಲ್ಲ ನನ್ನಿಂದ ಎಂದುಕೊಂಡೆ. ಅವರು ಮುನಿಯನ ಎದುರು ನಿಂತು ಆ ಸೊಟ್ಟ ಕೈಯನ್ನು ನೋಡಿದರು.

“ಕೋಲು ಎದ್ದಿದ್ದು ನಿಜ. ಬೀಳೋಕೆ ನೀನು ಬಿಡಲಿಲ್ಲ. ನಮ್ಮೋರಿಗೆ ಹೋದ ಸಲ ಇಷ್ಟು ಬುದ್ಧಿ ಇರಲಿಲ್ಲ,” ಎಂದರು. ತಮ್ಮ ಎಡಗೈಯನ್ನು ಅಂಗೈ ಬಿಡಿಸಿ ಅವನ ಮುಂದೆ ಚಾಚಿದರು. “ನಿನ್ನ ಒಂದು ಕೈ ನಾವು ತಗೊಂಡ್ವಿ. ಅದರ ಬದಲು ಇದು ಇಟ್ಕೋ. ಒಂದು ಕೈ ನಿಂದು, ಒಂದು ಕೈ ನಂದು. ಬಡಿ.”

ಮುನಿಯ ಗೌಡರ ಮುಖ ನೋಡಿದ. ಗೌಡರು ಬೇರೆ ಕಡೆ ತಿರುಗಿದ್ದರು. ತೀರ್ಮಾನ ಅವನದೇ ಎಂಬಂತೆ. ದೊಣ್ಣೆ ಅವನ ಬೆರಳಿನಿಂದ ಜಾರಿ ಹುಣಸೆ ಓಡಿನ ಮೇಲೆ ಬಿತ್ತು. ಬಲಗೈ ಎತ್ತಿ, ಸಾಹೇಬರು ಹಿಂದಕ್ಕೆ ಒಂದು ಹೆಜ್ಜೆ ಇಡುವಷ್ಟು ಜೋರಾಗಿ, ಆ ಅಂಗೈಗೆ ಬಡಿದ.

ಆ ಒಂದು ಚಪ್ಪಾಳೆಯ ಸದ್ದನ್ನು ಹೇಗೆ ಬರೆಯಲಿ? ಅದಾದ ಮೇಲೆ ಬಂದ ಸದ್ದನ್ನು ಹೇಗೆ ಬರೆಯಲಿ? ತೋಪಿನ ಗಿಣಿಗಳೆಲ್ಲ ಒಮ್ಮೆಲೇ ಎದ್ದವು. “ಬಡೀರಿ! ಬಡೀರಿ!” ಎಂದು ಹಳ್ಳಿ ಕೂಗಿತು, ಪೇಟೆ ಕೂಗಿತು. ಗಾಡಿಯ ಹಲಗೆ ಬಡಿದರು, ತಮಟೆ ಬಡಿದರು, ಒಬ್ಬರ ಬೆನ್ನು ಒಬ್ಬರು ಬಡಿದರು. ನಡುವಿನ ಬಯಲು ಎಲ್ಲಿತ್ತು ಎಂದು ನಾನು ಹುಡುಕಿದೆ, ಸಿಗಲಿಲ್ಲ. ಜನ ತುಂಬಿದ್ದರು. ಪೇದೆಗಳು ಮರದಿಂದ ಹೊರಬಂದು, ಗಂಭೀರವಾಗಿ, ತಾವೂ ಬಡಿದರು.

ನಾನು ಅಳುತ್ತಾ ಬಡಿಯುತ್ತಿದ್ದೆ. ಹೆದರಿಕೆಯ ಅಳುವೋ ಸಂತೋಷದ್ದೋ, ಈಗಲೂ ಬೇರ್ಪಡಿಸಲು ಬಂದಿಲ್ಲ.

ಸಭೆ ಮುಗಿದ ಮೇಲೆ ಮುನಿಯ ಬಂದು, ಗದ್ದಲದಲ್ಲಿ ಬಿದ್ದಿದ್ದ ನನ್ನ ಟೋಪಿಯ ಧೂಳು ಕೊಡವಿ ಕೊಟ್ಟ. “ಸ್ವಾಮಿ, ಸಿಟ್ಟು ಮಾಡ್ಕೋಬ್ಯಾಡಿ. ಮೊದ್ಲೇ ಹೇಳೋದಲ್ವಾ, ನಮ್ಮೂರಲ್ಲಿ ಹಿಂಗಂತೀವಿ ಅಂತ?”

“ಹೇಳ್ಬೇಕಂದ್ರ ಬಾಯಿ ಬರ್ಲಿಲ್ಲಪ್ಪಾ.”

“ಬಾಯಿ ಬಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು,” ಎಂದು ಮುನಿಯ ಮೊದಲ ಸಲ ನಕ್ಕ.

ಮತ್ತೆ ಹರಿಹರ

ಹಿಂದಿರುಗುವಾಗ ಸೇತುವೆಯ ಮೇಲೆ ರೈಲಿನ ಗಾಲಿಗಳು ಧಡಧಡ ಎಂದವು. ನಾನು ಕಣ್ಣು ಮುಚ್ಚಿ ಕುಳಿತೆ. ಅಜ್ಜಿ ಆ ದಿನ ಸಭೆಗೆ ಬರದೆ ಮನೆಯಲ್ಲೇ ಉಳಿದಿದ್ದರೆ? ಅವಳ ದನಿ ಅವಳ ವಯಸ್ಸಿನಷ್ಟೇ ಮುದಿಯಾಗಿದ್ದರೆ? ಆ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಕೊನೆಗೆ ಸಿಗುವುದು ಹಿತ್ತಾಳೆಯ ಹೊಳಪೊಂದೇ. ಎದುರು ಕುಳಿತವರು, “ಯಾಕ್ರೀ, ಆರಾಮಿಲ್ಲೇನು?” ಎಂದರು. ನಮ್ಮ ಕಡೆಯ ಮಾತು ಕೇಳಿ ಕಣ್ಣು ಬಿಟ್ಟೆ. ನೀರು ಎರಡೂ ದಂಡೆಗೆ ಒಂದೇ ಬಣ್ಣದ್ದಿತ್ತು.

ನಿನ್ನೆ ನಂಜೇಗೌಡನ ಕಾಗದ ಬಂದಿದೆ. ಖಾದರ್ ಸಾಹೇಬರು ಗೆದ್ದಿದ್ದಾರೆ. ಫಲಿತಾಂಶ ತಿಳಿದ ದಿನ ಪೇಟೆಯವರೂ ಹಳ್ಳಿಯವರೂ ತೋಪಿನಲ್ಲಿ ಸೇರಿದರಂತೆ. ಕೋಲು ಇಡುವ ಮರಗಳ ಬುಡ ಖಾಲಿ ಇತ್ತಂತೆ, ಏಕೆಂದರೆ ಯಾರೂ ತಂದಿರಲಿಲ್ಲ. ಈಗ ದೇವನಹಳ್ಳಿ ಸಂತೆಯಲ್ಲಿ ಯಾರು ಒಳ್ಳೆಯ ಮಾತಾಡಿದರೂ, ದೊಂಬರಾಟದವನು ಹಗ್ಗದ ಮೇಲೆ ನಡೆದರೂ, ಜನ “ಬಡೀರಿ!” ಎಂದು ಕೂಗುತ್ತಾರಂತೆ. ಮುನಿಯ ಸಾಹೇಬರನ್ನು ಕಂಡಾಗಲೆಲ್ಲ ಬಲಗೈ ಎತ್ತುತ್ತಾನಂತೆ. ಸಾಹೇಬರು ಎಡಗೈ ಚಾಚುತ್ತಾರಂತೆ, ಸ್ವಲ್ಪ ಹೆದರುತ್ತಲೇ.

ಕಾಗದದ ಕೊನೆಗೆ ತಿಮ್ಮಜ್ಜಿ ಹೇಳಿ ಬರೆಸಿದ ಒಂದು ಸಾಲಿದೆ: “ಧಾರ್ವಾಡದ ಮೇಷ್ಟ್ರಿಗೆ ಹೇಳು, ಇನ್ನೊಂದ್ ಸಲ ಬರ್ಲಿ. ಈ ಸಲ ಅವ್ರು ಹಾಡ್ಬೇಕು, ನಾನು ಬಡೀತೀನಿ.”

ಹೋಗಬೇಕೆಂದಿದ್ದೇನೆ. ತಾಯಿಯ ಹತ್ತಿರ ಕುಳಿತು ಬೀಸುವ ಪದವೊಂದನ್ನು ಕಲಿಯುತ್ತಿದ್ದೇನೆ.